ಮೊದಲು ಇಂಜಿನ್, ಆಮೇಲೆ ಮೇಕಪ್ಪು!

ಶಿರಾ ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಗೆಳೆಯ ಹೊಸ ಐಷಾರಾಮಿ ಕಾರಿನ ಆರ್ಡರ್ ಫಾರಂ ತೋರಿಸಿದ. ಲೆದರ್ ಸೀಟಿಗೆ ಟಿಕ್ಕು, ಶಿರಾ ಬಿಸಿಲಿಗೆ ಸನ್‌ರೂಫಿಗೂ ಟಿಕ್ಕು. ಇಂಜಿನ್ ಮಾತ್ರ ಎಲ್ಲಕ್ಕಿಂತ ಅಗ್ಗದ್ದು!

'ಗುರುವೇ, ಸಿನಿಮಾ ವಿಲನ್‌ಗಳ ಕಾಂಟೆಸ್ಸಾ ಗೊತ್ತಲ್ಲ?' ಅಂದೆ. 1984ರಲ್ಲಿ ಬಂದಾಗ ಮೈಕಟ್ಟು ಭರ್ಜರಿ. ಒಳಗಿದ್ದದ್ದು ಅಂಬಾಸಿಡರಿನ 1489 ಸಿಸಿ ಇಂಜಿನ್. ಕಟೌಟ್ ದೊಡ್ಡದು, ಕಥೆ ಪೀಚು! ಇಸುಜು 1.8 ಲೀಟರ್ ಇಂಜಿನ್ ಕೂತ ಮೇಲೇ ಗತ್ತಿಗೆ ತಕ್ಕ ಓಟ ಬಂತು.

'ಸೀಟ್ ಕವರ್ ನಾಳೆಯೂ ಹಾಕಿಸಬಹುದು, ಇಂಜಿನ್ ಬದಲಾಯಿಸಕ್ಕಾಗಲ್ಲ. ನಿಮ್ಮಪ್ಪ ಕಡ್ಲೇಕಾಯಿ ಮಾರಿ ಕೂಡಿಟ್ಟ ದುಡ್ಡು ಕಣಯ್ಯ. ಐದು ಜನ ಕೂತು, ಏಸಿ ಹಾಕಿ, ಹೈವೇಲಿ ಓಡಿಸಿ ನೋಡು. ಆಮೇಲೆ ಸಹಿ ಹಾಕು.'

ಗೆಳೆಯ ಪೆನ್ನು ಜೇಬಿಗಿಟ್ಟ. ನೀವೇನಂತೀರಿ?