ನಿಂತ ಲಾರಿಯ ಲೆಕ್ಕ

"ಲಾರಿ ಡ್ರೈವರ್‌ಗಳದ್ದೇ ಲೈಫು ಗುರು. ಗಾಡಿ ಸೈಡಿಗೆ ಹಾಕು, ಮಲಗು, ಎದ್ದು ರೀಲ್ಸ್ ನೋಡು, ಊರೂರು ತಿರುಗು. ತಲೆ ಮೇಲೆ ಮ್ಯಾನೇಜರ್ ಇಲ್ಲ, ಏನಿಲ್ಲ."

ಶನಿವಾರ ಬೆಳಿಗ್ಗೆ ನೆಲಮಂಗಲ ದಾಟುವಾಗ ಯಾವುದಾದರೂ ಕಾರಿನಲ್ಲಿ ಯಾರಾದರೊಬ್ಬರು ಈ ಮಾತು ಆಡೇ ಆಡ್ತಾರೆ. ಹೈವೇ ಪಕ್ಕ ಲಾರಿಗಳು ಸಾಲಾಗಿ ನಿಂತಿರುತ್ತವೆ. ಒಂದರ ನೆರಳಲ್ಲಿ ಇಬ್ಬರು ಇಸ್ಪೀಟು ಆಡ್ತಿರ್ತಾರೆ, ಇನ್ನೊಂದರ ಕ್ಯಾಬಿನ್ ಬಾಗಿಲಿಂದ ಎರಡು ಪಾದ ಹೊರಗೆ ಚಾಚಿರುತ್ತವೆ. ನೋಡಿದವರಿಗೆ ಅದು ಆರಾಮ. ನಮ್ಮ ತಲೆಮಾರಿಗಂತೂ ರಸ್ತೆ ಅಂದರೆ ಸ್ವಾತಂತ್ರ್ಯ ಅಂತ ಯಾರೋ ಹೇಳಿಕೊಟ್ಟುಬಿಟ್ಟಿದ್ದಾರೆ. ವ್ಯಾನ್‌ಗೆ ಹಾಸಿಗೆ ಹಾಕಿಸಿಕೊಂಡು, ಅದರಲ್ಲೇ ಅಡುಗೆ ಮಾಡಿಕೊಂಡು ಲಡಾಖ್‌ಗೆ ಹೋಗಿ ಬರೋದಕ್ಕೆ ಲಕ್ಷಗಟ್ಟಲೆ ಖರ್ಚು ಮಾಡ್ತೀವಿ. ಹಾಗಿರುವಾಗ ವರ್ಷದ ಬಹುಪಾಲು ಗಾಡಿಯಲ್ಲೇ ಮಲಗಿ, ಗಾಡಿ ಪಕ್ಕದಲ್ಲೇ ಅನ್ನ ಬೇಯಿಸಿಕೊಳ್ಳುವವನನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತೆ.

ಈ ಹೊಟ್ಟೆಕಿಚ್ಚಿನ ಒಳಗೊಂದು ಸುಳ್ಳಿದೆ. ಲಾರಿ ನಿಂತಿರುವಾಗ ಡ್ರೈವರ್‌ಗೆ ಬಿಡುವು ಅನ್ನೋದೇ ಆ ಸುಳ್ಳು. ಅವನು ಕಾಯ್ತಿದ್ದಾನೆ. ಕಾಯುವುದೂ ಕೆಲಸ. ಆ ಕೆಲಸಕ್ಕೆ ದುಡ್ಡು ಕೊಡೋದು ತಪ್ಪಲಿ ಅಂತ ನಾವೆಲ್ಲ ಸೇರಿ ಅದಕ್ಕೆ ಬಿಡುವು ಅಂತ ಹೆಸರಿಟ್ಟಿದ್ದೀವಿ. ನಮ್ಮ ಫ್ರೀ ಡೆಲಿವರಿಯ 'ಫ್ರೀ'ಯಲ್ಲಿ ಒಂದು ಪಾಲು ಅಲ್ಲಿಂದ ಬರುತ್ತೆ.

ಎಲ್ಲೆಲ್ಲಿ ಕಾಯ್ತಾನೆ ಅಂತ ಸ್ವಲ್ಪ ನೋಡಿ. ಪೀಕ್ ಹೊತ್ತಿನಲ್ಲಿ ಬೆಂಗಳೂರಿನೊಳಗೆ ಭಾರಿ ವಾಹನ ಬಿಡಲ್ಲ. ಬಿಡಬಾರದು, ಸರಿ, ನಮ್ಮ ಟ್ರಾಫಿಕ್ಕಿಗೆ ಅದೊಂದು ಬೇರೆ ಬೇಕಾ. ಆದರೆ ಅಷ್ಟು ಹೊತ್ತು ಅವರು ಎಲ್ಲಿರಬೇಕು ಅಂತ ಯಾರೂ ಯೋಚಿಸಿಲ್ಲ. ಹಾಗಾಗಿ ಹೊಸಕೋಟೆ, ಅತ್ತಿಬೆಲೆ, ನೆಲಮಂಗಲದ ರಸ್ತೆ ಬದಿಯೇ ಅವರ ವೇಯ್ಟಿಂಗ್ ರೂಮು. ಗೋದಾಮಿನ ಗೇಟು ತಲುಪಿದರೆ ಅಲ್ಲೊಂದು ಟೋಕನ್. ಮುಂದೆ ಎಷ್ಟು ಗಾಡಿ ಇವೆಯೋ, ಹಮಾಲರು ಊಟಕ್ಕೆ ಹೋದರೋ, ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಾಗಿದೆಯೋ, ಕ್ವಾಲಿಟಿಯವನು ನಾಳೆ ಬರ್ತಾನೋ. ಅನ್‌ಲೋಡ್ ಆಯ್ತು ಅಂದುಕೊಂಡರೆ ರಿಟರ್ನ್ ಲೋಡ್ ಇಲ್ಲ. ಖಾಲಿ ಗಾಡಿ ಓಡಿಸಿಕೊಂಡು ಬಂದರೆ ಡೀಸೆಲ್ ದುಡ್ಡು ಮೈಮೇಲೆ. ಅದಕ್ಕೇ ಭಿವಂಡಿಯಲ್ಲೋ ದೆಹಲಿಯಲ್ಲೋ ಬ್ರೋಕರ್ ಫೋನಿಗೆ ಕಾಯಬೇಕು, ಒಂದು ದಿನವೋ, ನಾಲ್ಕು ದಿನವೋ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಸಕಲೇಶಪುರದ ಈಚೆಗೆ, ಗುಂಡ್ಯದ ಆಚೆಗೆ ಸಾಲು. ಅದೂ ಬಿಡುವೇ ಅನ್ನಿ!

ಯಾವಾಗ ಮುಗಿಯುತ್ತೆ ಅಂತ ಗೊತ್ತಿದ್ದರೆ ಮಾತ್ರ ಅದು ಬಿಡುವು. ನಮ್ಮ ಭಾನುವಾರಕ್ಕೆ ಒಂದು ಅಂಚಿದೆ, ಸೋಮವಾರ ಬೆಳಿಗ್ಗೆ. ಆ ಅಂಚು ಇರೋದರಿಂದಲೇ ಸಿನಿಮಾ ಬುಕ್ ಮಾಡ್ತೀವಿ, ಅಮ್ಮನ ಜೊತೆ ಒಂದು ಗಂಟೆ ಮಾತಾಡ್ತೀವಿ, ಮಧ್ಯಾಹ್ನ ನಿದ್ದೆ ಹೊಡೀತೀವಿ. ಟೋಕನ್ ಹಿಡಿದು ಕೂತವನು ಸ್ನಾನಕ್ಕೆ ಹೋಗೋಕೂ ಹೆದರಬೇಕು. ಅಷ್ಟರಲ್ಲಿ ನಂಬರ್ ಕರೆದರೆ? ಗಾಡಿ ಮುಂದಕ್ಕೆ ತೆಗೆಯದಿದ್ದರೆ ಮತ್ತೆ ಕೊನೆಗೆ.

ಅವನು ಮಲಗಿದ್ದಾನೆ ಅಂತೀರಿ. ಹೌದು, ಮಲಗಿದ್ದಾನೆ, ಒಂದು ಕಿವಿ ತೆರೆದಿಟ್ಟುಕೊಂಡು. ರಾತ್ರಿ ಹೈವೇಯಲ್ಲಿ ಟ್ಯಾಂಕಿಂದ ಡೀಸೆಲ್ ಎಳೀತಾರೆ, ಬ್ಯಾಟರಿ ಬಿಚ್ತಾರೆ, ಸ್ಟೆಪ್ನಿ ಹೊತ್ತೊಯ್ತಾರೆ, ಟಾರ್ಪಾಲ್ ಕೊಯ್ದು ಮಾಲು ಇಳಿಸ್ತಾರೆ. ಲಕ್ಷಾಂತರ ರೂಪಾಯಿಯ ಸರಕನ್ನು ರಾತ್ರಿಯಿಡೀ ಕಾಯೋಕೆ ಸೆಕ್ಯೂರಿಟಿ ಏಜೆನ್ಸಿಯಿಂದ ಒಬ್ಬನನ್ನು ಕರೆಸಿದ್ದರೆ ಅವನಿಗೆ ಸಂಬಳ ಕೊಡಬೇಕಿತ್ತು. ಡ್ರೈವರ್ ಕ್ಯಾಬಿನ್ನಲ್ಲಿ ಮಲಗಿದರೆ ಅದು ಬಿಟ್ಟಿ ಕಾವಲು. ಹಿಂದೆ ಜೊತೆಗೆ ಕ್ಲೀನರ್ ಅಂತ ಒಬ್ಬ ಹುಡುಗ ಇರ್ತಿದ್ದ. ಒಬ್ಬ ಮಲಗಿದರೆ ಇನ್ನೊಬ್ಬ ಎದ್ದಿರ್ತಿದ್ದ. ಏನಿಲ್ಲ ಅಂದ್ರೂ ಮಾತಿಗೊಂದು ಜನ. ಈಗ ಖರ್ಚು ಉಳಿಸಲು ಎಷ್ಟೋ ಗಾಡಿಗಳಲ್ಲಿ ಡ್ರೈವರ್ ಒಬ್ಬನೇ. ಹಗ್ಗ ಬಿಗಿಯೋದು, ಟೈರ್ ತಟ್ಟಿ ನೋಡೋದು, ಗ್ಲಾಸ್ ಒರೆಸೋದು, ಬಟ್ಟೆ ಒಗೆಯೋದು, ಗಾಡಿ ಪಕ್ಕ ಸ್ಟೌ ಹಚ್ಚಿ ಅನ್ನಕ್ಕಿಡೋದು, ಎಲ್ಲ ಅವನೇ, ಎಲ್ಲ ಆ 'ಬಿಡುವಿ'ನಲ್ಲೇ.

ದಾವಣಗೆರೆ ದಾಟಿದ ಮೇಲೆ ಒಂದು ಢಾಬಾದಲ್ಲಿ ಹಾವೇರಿ ಕಡೆಯ ಡ್ರೈವರ್ ಒಬ್ಬರು ಚಹಾ ಕುಡೀತಾ ಕೂತಿದ್ದರು. ಐವತ್ತು ದಾಟಿದ ವಯಸ್ಸು. "ಅಣ್ಣಾರೇ, ಗಾಡಿ ನಿಂತಾಗ ಏನು ಮಾಡ್ತೀರಿ? ಹೊತ್ತು ಹೆಂಗೆ ಹೋಗುತ್ತೆ?" ಅಂತ ಕೇಳಿದೆ.

"ಗಾಡಿ ನಿಂತ್ರ ನೀವು ಬಿಡುವು ಅಂತೀರಿ. ನಮಗ ಗಾಡಿ ನಿಂತ್ರ ಖರ್ಚು ಶುರು ಆಕ್ಕೈತ್ರಿ ಸರ," ಅಂದರು. ಊಟ, ಚಹಾ, ಸ್ನಾನ, ಶೌಚಾಲಯ, ಪಾರ್ಕಿಂಗ್, ಎಲ್ಲಕ್ಕೂ ಕೈಯಿಂದ ದುಡ್ಡು. ಮನೆಗೆ ವಿಡಿಯೋ ಕಾಲ್ ಮಾಡ್ತೀರಾ ಅಂದಿದ್ದಕ್ಕೆ ನಕ್ಕರು. "ಮಾಡ್ತೀನ್ರಿ. ಮೊಮ್ಮಗಳು ಫೋನಿನ್ಯಾಗ ಗುರುತು ಹಿಡೀತಾಳ. ಮನೀಗೆ ಹೋದ್ರ ಹೆದರಿ ಒಳಗ ಓಡ್ತಾಳ."

ಅವರು ಹೇಳಿದ ಖರ್ಚಿನ ಮಾತಿನ ಹಿಂದೆ ಸಂಬಳದ ಲೆಕ್ಕವೇ ಇದೆ. ಬಹಳಷ್ಟು ಕಡೆ ದುಡ್ಡು ಟ್ರಿಪ್ ಲೆಕ್ಕದಲ್ಲಿ, ಇಲ್ಲವೇ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ, ಜೊತೆಗಿಷ್ಟು ಬಾಟಾ. ಬೆಂಗಳೂರಿಂದ ಭಿವಂಡಿಗೆ ಹೆಚ್ಚುಕಮ್ಮಿ ಸಾವಿರ ಕಿಲೋಮೀಟರ್. ಅಲ್ಲಿ ಗಾಡಿ ಎರಡು ಗಂಟೆಯಲ್ಲಿ ಖಾಲಿಯಾದರೂ ಅಷ್ಟೇ ದುಡ್ಡು, ಎರಡು ದಿನ ಗೇಟಿನಲ್ಲಿ ನಿಂತರೂ ಅಷ್ಟೇ. ಅಂದರೆ ಕಾಯಿಸಿದವನಿಗೆ ಕಾಯಿಸಿದ್ದರಿಂದ ಒಂದು ಪೈಸೆ ಖರ್ಚಿಲ್ಲ. ಕಾಗದದ ಮೇಲೆ ಹಾಲ್ಟಿಂಗ್ ಚಾರ್ಜ್ ಅಂತ ಒಂದಿದೆ, ಗೊತ್ತು. ಅದು ಕಂಪನಿಯಿಂದ ಟ್ರಾನ್ಸ್‌ಪೋರ್ಟ್ ಆಫೀಸಿಗೆ, ಅಲ್ಲಿಂದ ಓನರ್‌ಗೆ ಬರುವಷ್ಟರಲ್ಲಿ ಸವೆದುಹೋಗಿರುತ್ತೆ. ಡ್ರೈವರ್ ತನಕ ಎಷ್ಟು ಬಂತು ಅಂತ ಮುಂದಿನ ಸಲ ನೀವೇ ಒಬ್ಬರನ್ನು ಕೇಳಿ. ಅದಕ್ಕಿಂತ ಚಂದದ ಆಟ ಇನ್ನೊಂದಿದೆ. ಗೋದಾಮಿನ ದಾಖಲೆಯಲ್ಲಿ ಗಾಡಿ 'ಬಂದಿದ್ದು' ಗೇಟಿನೊಳಗೆ ಬಿಟ್ಟ ಹೊತ್ತಿಗೆ ಅಂತ ಬರೆದುಕೊಂಡರೆ ಸಾಕು, ಹೊರಗೆ ಸಾಲಿನಲ್ಲಿ ನಿಂತ ಹದಿನಾಲ್ಕು ಗಂಟೆ ನಡೆದೇ ಇಲ್ಲ!

ಸರಕಿಗಾದರೂ ಒಂದು ಗಡಿಯಾರ ಇದೆ. ಇ-ವೇ ಬಿಲ್ಲಿನಲ್ಲಿ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ, 2021ರ ಜನವರಿಯಿಂದ. ಮುಗಿದರೆ ದಂಡ. ಮನುಷ್ಯನಿಗೂ ಗಡಿಯಾರ ಕಟ್ಟಬೇಕು ಅಂತ ನಮ್ಮ ಸಂಸತ್ತು 1961ರಲ್ಲೇ ಬರೆದಿತ್ತು, ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ಓಟಕ್ಕೆ ಅನುಮತಿ ಇದ್ದರೆ ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ. ಓದೋಕೆ ಎಷ್ಟು ಚೆನ್ನಾಗಿದೆ. ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡ ಓನರ್‌ಗಳೇ ತುಂಬಿರುವ ಈ ಧಂದೆಯಲ್ಲಿ ಕಾಯ್ದೆ ಯಾರನ್ನು ಮುಟ್ಟಬೇಕು? ಮುಟ್ಟಿದ ಕಡೆಯಾದರೂ ಗಂಟೆ ಎಣಿಸಿದವರು ಯಾರು?

ಸರ್ಕಾರಕ್ಕೆ ಡ್ರೈವರ್‌ನ ಖಾಲಿ ಹೊತ್ತು ಕಣ್ಣಿಗೆ ಬಿದ್ದೇ ಇಲ್ಲ ಅಂತಲ್ಲ. ತೊಂಬತ್ತರ ದಶಕದಲ್ಲಿ ಏಡ್ಸ್ ಭಯ ಬಂದಾಗ ಚೆನ್ನಾಗಿಯೇ ಬಿತ್ತು. ಆರೋಗ್ಯ ಇಲಾಖೆಯ ಭಾಷೆಯಲ್ಲಿ ಟ್ರಕ್ ಡ್ರೈವರ್‌ಗಳು 'ಬ್ರಿಜ್ ಪಾಪ್ಯುಲೇಷನ್'. ಸೋಂಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಸೇತುವೆ. ಹೈವೇಗಳಲ್ಲಿ ಕ್ಲಿನಿಕ್ ಬಂದವು, ಕಾಂಡೋಮ್ ಹಂಚಿದರು, ಬೀದಿನಾಟಕ ಆಡಿದರು. ಅದರಿಂದ ಜೀವಗಳು ಉಳಿದವು, ಆ ಕೆಲಸಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಬೇರೆ ಕಡೆ. ತಿಂಗಳುಗಟ್ಟಲೆ ಮನೆ ಬಿಟ್ಟಿರುವ ಮನುಷ್ಯನ ರಾತ್ರಿ ನಮಗೆ ನೆನಪಾಗಿದ್ದು ಅದರಿಂದ ಬೇರೆಯವರಿಗೆ ಅಪಾಯ ಅಂತ ಗೊತ್ತಾದಾಗ. ಅವನಿಗೆ ತಿಂಗಳುಗಟ್ಟಲೆ ಮನೆ ಯಾಕಿಲ್ಲ ಅಂತ ಕೇಳುವ ಯೋಜನೆಗೆ ಯಾರೂ ಫಂಡ್ ಮಾಡಲಿಲ್ಲ.

ನಗರಕ್ಕೆ ಅವರು ಮತ್ತೆ ನೆನಪಾಗಿದ್ದು 2024ರ ಜನವರಿ 1 ಮತ್ತು 2ರಂದು. ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಪಘಾತ ಮಾಡಿ ತಿಳಿಸದೆ ಓಡಿಹೋದರೆ 10 ವರ್ಷದ ತನಕ ಜೈಲು ಅಂತ ಇತ್ತು. ಹಲವು ರಾಜ್ಯಗಳಲ್ಲಿ ಡ್ರೈವರ್‌ಗಳು ಗಾಡಿ ನಿಲ್ಲಿಸಿದರು. ನಿಂತರೆ ಜನ ಹೊಡೀತಾರೆ, ಓಡಿದರೆ ಹತ್ತು ವರ್ಷ, ನಾವೇನು ಮಾಡಬೇಕು ಅನ್ನೋದು ಅವರ ಪ್ರಶ್ನೆ. ಎರಡೇ ದಿನ! ಊರೂರಲ್ಲಿ ಪೆಟ್ರೋಲ್ ಬಂಕ್ ಮುಂದೆ ಕ್ಯೂ, ಸರ್ಕಾರ ಮಾತುಕತೆಗೆ ಕೂತಿತು, ಆ ಉಪಕಲಮನ್ನು ಜಾರಿ ಮಾಡದೆ ಬದಿಗಿಟ್ಟಿತು. ಗಮನಿಸಿ, ಯಾವಾಗಲೂ ಅವರನ್ನು ನಾವು ನಿಲ್ಲಿಸಿರ್ತೀವಿ. ಆ ಎರಡು ದಿನ ಅವರೇ ನಿಂತರು, ದೇಶ ಬೆವರಿತು.

ಒಳ್ಳೆಯದೂ ಒಂದಿಷ್ಟು ಆಗಿದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಟ್ರಕ್ಕುಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ ಅಂತ ನಿಯಮ ಬಂದಿದೆ. ಹೈವೇಗಳಲ್ಲಿ ಸಾವಿರ ವಿಶ್ರಾಂತಿ ಕಟ್ಟಡ ಕಟ್ಟುವ ಘೋಷಣೆಯನ್ನು 2024ರ ಫೆಬ್ರವರಿಯಲ್ಲಿ ಪ್ರಧಾನಿ ಮಾಡಿದರು. ಬರಲಿ. ಆದರೆ ಹಾಸಿಗೆ ಇದ್ದರೆ ಸಾಲದು, ಮಲಗೋಕೆ ಹೊತ್ತು ಬೇಕು. ಇವತ್ತೇ ತಲುಪಬೇಕು ಅಂತ ಓನರ್ ಫೋನ್ ಮಾಡ್ತಿದ್ದರೆ ಆ ಕಟ್ಟಡವನ್ನು ಗಂಟೆಗೆ ಅರವತ್ತರಲ್ಲಿ ನೋಡಿಕೊಂಡು ಹೋಗಬೇಕು. ಗೋದಾಮಿನ ಗೇಟಿನಲ್ಲಿ ನಿಂತಾಗ ಅದು ನೂರು ಕಿಲೋಮೀಟರ್ ಹಿಂದಿರುತ್ತೆ.

ಇಲ್ಲಿಗೆ ಬಂದಾಗ ಯಾರಾದರೂ ಯೂಟ್ಯೂಬ್ ತೆಗೀತಾರೆ. ಜಾರ್ಖಂಡ್‌ನ ರಾಜೇಶ್ ರವಾನಿ ಇದ್ದಾರಲ್ಲ, ಟ್ರಕ್ಕಿನಲ್ಲೇ ಅಡುಗೆ ಮಾಡಿ ವಿಡಿಯೋ ಹಾಕ್ತಾರೆ, ಲಕ್ಷಾಂತರ ಜನ ನೋಡ್ತಾರೆ. ಮನಸ್ಸಿದ್ದರೆ ಖಾಲಿ ಹೊತ್ತನ್ನ ಬಳಸಿಕೊಳ್ಳಬಹುದು ಅಂತ. ನನಗೂ ಆ ವಿಡಿಯೋಗಳು ಇಷ್ಟ. ಅವರ ಮಟನ್ ನೋಡಿದ ಮೇಲೆ ನಮ್ಮ ಪಿಜಿ ಊಟ ಇಳಿಯಲ್ಲ. ಆದರೆ ಖಾಲಿ ಹೊತ್ತಲ್ಲಿ ಎರಡನೇ ಕೆಲಸ ಹುಡುಕಿಕೊಂಡು ಗೆದ್ದ ಒಬ್ಬರನ್ನು ತೋರಿಸಿ, ಮೊದಲನೇ ಕೆಲಸಕ್ಕೆ ಸರಿಯಾಗಿ ದುಡ್ಡು ಕೊಡದಿರೋದನ್ನ ಮುಚ್ಚೋದು ಯಾವ ನ್ಯಾಯ? ನಿಮ್ಮ ಆಫೀಸಲ್ಲಿ ಸಂಬಳ ತಡೆದು 'ಟೈಮ್ ಇದೆಯಲ್ಲ, ಚಾನೆಲ್ ಶುರು ಮಾಡಿ' ಅಂದರೆ ಸುಮ್ಮನಿರ್ತೀರಾ?

ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ಸಾಮಾನ್ಯವಾಗಿ ದಿನಕ್ಕೆ 9 ಗಂಟೆ ಓಟ. ಅದನ್ನ ಟ್ಯಾಕೋಗ್ರಾಫ್ ಅನ್ನೋ ಯಂತ್ರ ಬರೆದುಕೊಳ್ಳುತ್ತೆ. ವಾರದ 45 ಗಂಟೆಯ ಪೂರ್ತಿ ವಿಶ್ರಾಂತಿಯನ್ನ ಕ್ಯಾಬಿನ್ನಲ್ಲಿ ಕಳೆಯುವಂತಿಲ್ಲ, ವಸತಿ ಖರ್ಚು ಮಾಲೀಕನದ್ದು, 2020ರಿಂದ ಇದು ಸ್ಪಷ್ಟ ನಿಯಮ. ಅದೇನು ಸ್ವರ್ಗ ಅಲ್ಲ. 2023ರಲ್ಲಿ ಜರ್ಮನಿಯ ಗ್ರೇಫನ್‌ಹೌಸನ್ ಎಂಬ ಹೈವೇ ತಂಗುದಾಣದಲ್ಲಿ ಜಾರ್ಜಿಯಾ, ಉಜ್ಬೇಕಿಸ್ತಾನದ ಡ್ರೈವರ್‌ಗಳು ಬಾಕಿ ಸಂಬಳಕ್ಕಾಗಿ ವಾರಗಟ್ಟಲೆ ಗಾಡಿ ನಿಲ್ಲಿಸಿ ಕೂತಿದ್ದರು. ಆದರೂ ಕ್ಯಾಬಿನ್ ಮನೆಯಲ್ಲ ಅಂತ ಅಲ್ಲಿ ಕಾನೂನು ಒಪ್ಪಿದೆ. ನಮ್ಮಲ್ಲಿ ಅದು ಮನೆ, ಅಡುಗೆಮನೆ, ಕಾವಲುಗಾರನ ಗೂಡು.

ಡ್ರೈವರ್ ಕಾದಿದ್ದಕ್ಕೂ ದುಡ್ಡು ಕೊಟ್ಟರೆ ಸಾಮಾನಿನ ಬೆಲೆ ಏರುತ್ತೆ ಅನ್ನೋರಿಗೆ ಒಂದು ಮಾತು. ಇಷ್ಟು ಹೊತ್ತು ಕಾಯಿಸೋದು ನಡೆಯುತ್ತಿರೋದೇ ಕಾಯಿಸಿದವನಿಗೆ ಅದು ಬಿಟ್ಟಿ ಆಗಿರೋದರಿಂದ. ಗಂಟೆಗಿಷ್ಟು ಅಂತ ಮೀಟರ್ ಓಡೋಕೆ ಶುರುವಾಗಲಿ, ಅದೇ ಗೋದಾಮಿನವರು ಹಮಾಲರ ಶಿಫ್ಟ್ ಸರಿ ಮಾಡ್ತಾರೆ, ಬಿಲ್ಲು ಮೊದಲೇ ನೋಡಿಟ್ಟುಕೊಳ್ತಾರೆ, ಬೆಳಿಗ್ಗೆ ಆರಕ್ಕೇ ಮೂವತ್ತು ಗಾಡಿ ಕರೆಸಿ ಸಂಜೆ ತನಕ ನಿಲ್ಲಿಸೋದು ನಿಲ್ಲಿಸ್ತಾರೆ. ಆಟೋದಲ್ಲಿ ಕೂತು ಐದು ನಿಮಿಷ ತಡ ಮಾಡಿದರೆ ವೇಯ್ಟಿಂಗ್ ಚಾರ್ಜ್ ಬೀಳುತ್ತೆ ಅಂತ ನಾವೇ ಓಡೋಡಿ ಹೊರಡಲ್ವಾ? ಆ ಮೀಟರ್ ಗಾಡಿ ಸಾಲಿಗೆ ಸೇರಿದ ಕ್ಷಣದಿಂದ ಓಡಬೇಕು, ದುಡ್ಡು ನೇರ ಡ್ರೈವರ್ ಖಾತೆಗೆ ಬೀಳಬೇಕು. ಜೊತೆಗೆ ಗೇಟಿನ ಹೊರಗೊಂದು ಶೌಚಾಲಯ, ಕುಡಿಯುವ ನೀರು, ನೆರಳು. ಒಳಗೆ ಟೈಲ್ಸ್ ಹಾಕಿದ ಶೌಚಾಲಯ ಇಟ್ಟುಕೊಂಡು ಡ್ರೈವರ್‌ಗೆ ಬೇಲಿ ತೋರಿಸುವ ಗೋದಾಮುಗಳಿಗೆ ನಾಚಿಕೆಯಾಗಬೇಕು.

ಇದನ್ನೆಲ್ಲ ನಿಮಗೆ ಯಾಕೆ ಹೇಳಬೇಕು ಅಂದರೆ, ಆ ಲಾರಿಗಳ ಜಿಪಿಎಸ್ ಡ್ಯಾಶ್‌ಬೋರ್ಡ್ ಬರೆಯೋರು ನಮ್ಮ ರಿಂಗ್ ರೋಡಿನ ಆಫೀಸುಗಳಲ್ಲೇ ಇದ್ದೀರಿ. ಗೋದಾಮಿನ ಸ್ಲಾಟ್ ಹಂಚುವ ಸಾಫ್ಟ್‌ವೇರ್ ನಿಮ್ಮದು, ಸಾಗಣೆ ಕಾಂಟ್ರಾಕ್ಟಿಗೆ ಸಹಿ ಹಾಕುವ ಸಪ್ಲೈ ಚೈನ್ ಮ್ಯಾನೇಜರ್ ನೀವೇ. ನಿಮ್ಮ ಸ್ಕ್ರೀನಿನಲ್ಲಿ ಓಡುವ ಗಾಡಿ ಹಸಿರು, ನಿಂತ ಗಾಡಿ ಕೆಂಪು. ಪಕ್ಕದಲ್ಲಿ 'ಐಡಲ್', 'ಸ್ಟಾಪೇಜ್' ಅಂತ ಕಾಲಂ, ಅದರ ಪಕ್ಕ ಡ್ರೈವರ್ ಹೆಸರು. ಮುಂದಿನ ರಿಲೀಸ್‌ನಲ್ಲಿ ಆ ಹೆಸರಿನ ಜಾಗದಲ್ಲಿ ಗಾಡಿ ಯಾರ ಗೇಟಿನ ಮುಂದೆ ನಿಂತಿತ್ತೋ ಅವರ ಹೆಸರು ಬರುವ ಹಾಗೆ ಮಾಡಿ. ಒಂದು ಫೀಲ್ಡ್ ಬದಲಾಯಿಸಬೇಕು, ಅಷ್ಟೇ. ಲೊಕೇಶನ್ ಹೇಗೂ ನಿಮ್ಮ ಬಳಿ ಇದೆ.