ಶಬ್ದದ ಮೂಲವೂ ಶಬ್ದದ ಒಡೆತನವೂ

1945ರ ಆಗಸ್ಟ 17ರಂದು ಇಂಡೊನೇಶಿಯಾದ ಜನರು ಸ್ವಾತಂತ್ರ್ಯವನ್ನು ಸಾರಿದಾಗ ಅವರ ಬಾಯಲ್ಲಿದ್ದ ಶಬ್ದವು ‘ಮೆರ್ದೆಕ’. ಅದು ಸಂಸ್ಕೃತದ ‘ಮಹರ್ದ್ಧಿಕ’ದಿಂದ ಬಂದುದೆಂದು ತಿಳಿದೊಡನೆ ನಮ್ಮಲ್ಲಿಯ ಕೆಲವು ವಿದ್ವಾಂಸರು ಎರಡು ಮಾತುಗಳನ್ನಾಡುವರು: ಶಬ್ದವು ನಮ್ಮದು, ಅವರು ಅದನ್ನು ಕೆಡಿಸಿದರು. ಪಾಠಶಾಲೆಯ ಅನ್ನವನ್ನುಂಡ ನನಗೂ ಸಂಸ್ಕೃತಾಭಿಮಾನವು ಕಡಿಮೆಯಿಲ್ಲ. ಆದರೂ ಈ ಎರಡು ಮಾತುಗಳೂ ನಿಲ್ಲಲಾರವು.

ಮೊದಲು ರೂಪದ ವಿಚಾರ. ಆ ನಾಡಿನಲ್ಲಿ ‘ವಂಶ’ವು ‘ಬಂಗ್ಸ’ವಾಗಿ ರಾಷ್ಟ್ರದ ಜನರನ್ನು ಸೂಚಿಸುವದು, ‘ವಿಚಾರ’ವು ‘ಬಿಚಾರ’ವಾಗಿ ಮಾತನಾಡುವದೆಂಬ ಅರ್ಥ ತಳೆದಿರುವದು. ವಕಾರಕ್ಕೆ ಬಕಾರ ಬರುವದು ನಮಗೇನು ಹೊಸದೇ? ‘ವನ’ವನ್ನು ‘ಬನ’, ‘ವಸತಿ’ಯನ್ನು ‘ಬಸದಿ’ ಮಾಡಿದವರು ನಾವು. 13ನೆಯ ಶತಮಾನದ ಕೇಶಿರಾಜನು ಇಂಥ ಮಾರ್ಪಾಟುಗಳಿಗಾಗಿ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವನ್ನೇ ರಚಿಸಿದನು. ಸೇಡಮ ತಾಲೂಕಿನ ಮಳಖೇಡದ ಬಸದಿಗೆ ಕೈಮುಗಿಯುವವರು ‘ಬಂಗ್ಸ’ವನ್ನು ಕಂಡು ಮೂಗು ಮುರಿಯುವದೇತಕ್ಕೆ?

ಇನ್ನು ಅರ್ಥ. ಮಹರ್ದ್ಧಿಕನೆಂದರೆ ಮಹತ್ತಾದ ಸಂಪತ್ತು, ಸಾಮರ್ಥ್ಯವುಳ್ಳವನು. ಜಾವಾದಲ್ಲಿ ಅದೇ ಮೂಲದಿಂದ ಹುಟ್ಟಿದ ‘ಪೆರ್ದಿಕನ್’ ಎಂಬುದು ಕಂದಾಯ ಮಾಫಿಯಾದ ಗ್ರಾಮದ ಹೆಸರಾಯಿತು. 17ನೆಯ ಶತಮಾನದಲ್ಲಿ, ಇಂದು ಜಕಾರ್ತಾ ಎನಿಸಿದ ಬಟೇವಿಯಾದಲ್ಲಿ, ಬಿಡುಗಡೆ ಹೊಂದಿದ ಗುಲಾಮರನ್ನೂ ಅವರ ಸಂತತಿಯನ್ನೂ ಡಚ್ಚರು ಈ ಶಬ್ದದಿಂದಲೇ ‘ಮಾರ್ದೈಕರ್’ ಎಂದು ಕರೆದರು. ಅವರಲ್ಲಿ ಅನೇಕರು ಹಿಂದುಸ್ಥಾನದ ಕರಾವಳಿಯಿಂದಲೇ ಒಯ್ಯಲ್ಪಟ್ಟವರು! ಸಂಪನ್ನನ ಬಿರುದು ಗುಲಾಮನಿಗೆ ಸಂದಿತು. ಮುಂದೆ ಒಂದು ರಾಷ್ಟ್ರಕ್ಕೇ ಸಂದಿತು. ಇದು ಕೆಡುವದೋ? ಶಬ್ದಕ್ಕೆ ಇದಕ್ಕಿಂತ ಹಿರಿದಾದ ಋದ್ಧಿ ಯಾವುದು?

ಶಹಾಬಾದದ ಫರಸಿಯು ದೂರದೂರಿನ ಪಡಸಾಲೆಗಳಲ್ಲಿ ಹಾಸಿರುವದು. ಕಲ್ಲು ನಮ್ಮ ಗಣಿಯದೆಂದು ಹೇಳಿಕೊಳ್ಳುವದು ನ್ಯಾಯ. ಪಡಸಾಲೆಯೇ ನಮ್ಮದೆನ್ನುವದು ಅನ್ಯಾಯ.

ನಮ್ಮ ‘ವಿಮೋಚನೆ’ಯನ್ನೇ ನೋಡಿರಿ. ವೇದದಲ್ಲಿ ಅದು ರಥದ ಕುದುರೆಯನ್ನು ನೊಗದಿಂದ ಬಿಚ್ಚುವದು. ಈ ಭಾಗದ ಮನೆಮನೆಗಳಲ್ಲಿ ಅದರರ್ಥ 1948ರ ಸೆಪ್ಟೆಂಬರ 17. ಈ ಅರ್ಥವನ್ನು ಯಾವ ಕೋಶವೂ ಕೊಡಲಿಲ್ಲ. ಸೆರೆಮನೆ ಕಂಡವರು, ಊರು ತೊರೆದವರು, ತಿರುಗಿ ಬಾರದವರು ಕೊಟ್ಟರು. ನಿಜಾಮನ ಆಳಿಕೆಯನ್ನು ಕಳೆದುಕೊಂಡ ನಾವು ನಮ್ಮ ಶಬ್ದಕ್ಕೆ ತುಂಬಿದ ಬಾಳನ್ನು ಅಪಭ್ರಂಶವೆಂದರೆ ಸಹಿಸುವೆವೇ? ಹಾಗಾದರೆ ಡಚ್ಚರ ಆಳಿಕೆಯನ್ನು ಕಳೆದುಕೊಂಡವರ ಶಬ್ದಕ್ಕೂ ಅದೇ ಮರ್ಯಾದೆಯು ಸಲ್ಲಬೇಕು. ಪಂಡಿತರು ಮೂಲವನ್ನು ಧಾರಾಳವಾಗಿ ತೋರಿಸಲಿ. ಒಡೆತನದ ಮಾತನ್ನು ಮಾತ್ರ ಬಿಡಲಿ.