ಅಂಗೈಗೆ ಒಗ್ಗುವ ಆಯುಧ

ನೆರೆಮನೆಯ ರಾಯರಿಗೆ ರಿವಾಲ್ವರಿನ ಲೈಸೆನ್ಸು ಮಂಜೂರಾಯಿತು. ದೆಹಲಿಯ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ, ಕಳ್ಳರ ಭಯ. “ಯಾವುದು ಕೊಳ್ಳಲಪ್ಪಾ?” ಎಂದರು. ಲೇಖನಿಯ ಹೊರತು ಬೇರೆ ಆಯುಧ ಹಿಡಿಯದ ನಾವು ಅಂಗಡಿಯವರೆಗೆ ಜತೆಗೂಡಿದೆವು.

ರಾಯರ ಕಣ್ಣಿಗೆ ಮೊದಲು ಬಿದ್ದುದು ಕಾನ್ಪುರದ ‘ನಿರ್ಭೀಕ್’. 2014ರಲ್ಲಿ ಹೊರಬಂದ ಈ ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಅಂಗಡಿಯ ಮುದುಕ ತಲೆಯಾಡಿಸಿದ. ಒಯ್ಯುವುದಕ್ಕೆ ಹಗುರವಾದುದು ಹಾರಿಸುವಾಗ ಹೆಚ್ಚು ಒದೆಯುತ್ತದಂತೆ. ಹಿಡಿಯು ಅಂಗೈ ತುಂಬಬೇಕು; ಬೆರಳು ಟ್ರಿಗರನ್ನು ಸಲೀಸಾಗಿ ಮುಟ್ಟಬೇಕು. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೆ ಎಳೆದರಾಯಿತು, ಮುಂದಿನದು ಬರುತ್ತದೆ. ಪಿಸ್ತೂಲಾದರೆ ಕೈಯಿಂದ ಸರಿಪಡಿಸಬೇಕು. ಆದರೆ ರಿವಾಲ್ವರಿನ ಟ್ರಿಗರು ಬಿಗಿ.

ತೋಟಾ ಇಲ್ಲದ ರಿವಾಲ್ವರೊಂದನ್ನು ರಾಯರ ಕೈಗಿತ್ತ. ಮೂರು ಸಲ ಎಳೆದರು. ಸಂಧಿವಾತದ ಬೆರಳು ನಡುಗಿ, ಮೂತಿ ಪ್ರತಿ ಸಲವೂ ಪಕ್ಕಕ್ಕೆ ತಿರುಗಿತು. ಮನೆಯಲ್ಲಿ ತಮ್ಮ ಪಕ್ಕದಲ್ಲಿ ನಿಲ್ಲುವವರು ಯಾರೆಂಬುದು ಅವರಿಗೆ ಹೊಳೆದಿರಬೇಕು. ಮೆಲ್ಲನೆ ಕೆಳಗಿಟ್ಟರು.

ಬರುವ ದಾರಿಯಲ್ಲಿ ಗಟ್ಟಿಯಾದ ಬೀಗವೊಂದನ್ನು ಕೊಂಡೆವು. ವಾಚಕರೇ, ಆ ದಿನ ರಾಯರು ತಮ್ಮ ಕೈಗೆ ಒಗ್ಗುವುದನ್ನೇ ಆರಿಸಿದರೆಂದು ನಮ್ಮ ನಂಬಿಕೆ.